ಗುಟ್ಟು ಹೊರಬಿದ್ದದ್ದು ನಾಡಕಚೇರಿಯಲ್ಲಿ

ಮೊದಲ ಪ್ರೀತಿ, ಮದುವೆ, ಸಾವು, ಹೂತಿಟ್ಟ ಒಂದು ಗುಟ್ಟು. ನನ್ನ ಕಾದಂಬರಿಯ ಸಾಮಾನು ಇಷ್ಟೇ. ಇದರಲ್ಲಿ ಹೊಸದೇನೂ ಇಲ್ಲ, ಅಲ್ವಾ? ಅದಕ್ಕೇ ಬರೆಯಲು ಕೂರುವ ಮೊದಲು ನನಗೆ ನಾನೇ ಎರಡು ಕಟ್ಟಳೆ ಹಾಕಿಕೊಂಡೆ. ಟ್ರಂಕಿನ ತಳದಲ್ಲಿ ಹಳೇ ಪತ್ರ ಸಿಗಬಾರದು. ಸಾಯುವವರು ಕೊನೇ ಗಳಿಗೆಯಲ್ಲಿ ಬಾಯಿ ಬಿಡಬಾರದು. ಹಾಗಾದರೆ ಗುಟ್ಟು ಹೊರಬರುವುದು ಹೇಗೆ?

ದಾರಿ ಸಿಕ್ಕಿದ್ದು ಕಾರವಾರದಲ್ಲಿ, ಸೀಬರ್ಡ್ ನೌಕಾನೆಲೆ ಯೋಜನೆಗೆ ಊರು ಬಿಟ್ಟ ನಿರಾಶ್ರಿತರ ಕಾಲನಿಯಲ್ಲಿ. ನೌಕಾನೆಲೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ. ಆ ನೆಲೆ, ಅಂದರೆ ಐಎನ್‌ಎಸ್ ಕದಂಬ, ಶುರುವಾದದ್ದು 2005ರಲ್ಲಿ. ಈ ನಡುವೆ ಅರ್ಗಾ ಸುತ್ತಲಿನ ಊರುಗಳು ಎದ್ದುಹೋದವು. ಹೆಚ್ಚುವರಿ ಪರಿಹಾರದ ಕೇಸುಗಳು ಮಾತ್ರ ವರ್ಷಗಟ್ಟಲೆ ಎಳೆದವು. ಅಷ್ಟರಲ್ಲಿ ಜಮೀನಿನ ಯಜಮಾನ ತೀರಿಕೊಂಡರೆ ಹಣ ವಾರಸುದಾರರಿಗೆ. ಅದಕ್ಕೆ ನಾಡಕಚೇರಿಯಿಂದ ವಂಶವೃಕ್ಷದ ಪತ್ರ ಬೇಕು. ಅದರಲ್ಲಿ ಎಲ್ಲ ಮಕ್ಕಳ ಹೆಸರೂ ಇರಬೇಕು. ಎಲ್ಲ ಮಕ್ಕಳದೂ!

ಕಥೆ ಅಲ್ಲಿಂದ ಹಿಂದಕ್ಕೆ ಬೆಳೆಯಿತು. ನಾಯಕಿಯ ಗಂಡನಿಗೆ ಹಿಂದೆ ಒಬ್ಬಳನ್ನು ಕಂಡರೆ ಪ್ರೀತಿ. ಮನೆಯವರ ವಿರೋಧ ಕಟ್ಟಿಕೊಂಡೇ ಮದುವೆಯಾದ. ಅವಳು ಹೆರಿಗೆಯಲ್ಲಿ ಹೋದಳು. ಕೂಸನ್ನು ಅವಳ ತವರಿನವರು ಗೋವಾ ಗಡಿಯ ಮಾಜಾಳಿಗೆ ಒಯ್ದರು. ಸುಮಾರು ಹತ್ತು ವರ್ಷದ ಮೇಲೆ ನನ್ನ ನಾಯಕಿ ಆ ಮನೆಗೆ ಸೊಸೆಯಾಗಿ ಬಂದಳು.

ಬರೆಯುತ್ತಾ ಒಂದು ವಿಷಯ ಹೊಳೆಯಿತು. ಹಳೇ ಊರಿನಲ್ಲಿ ಇದು ಗುಟ್ಟೇ ಆಗಿರಲಿಲ್ಲ. ಬಾವಿಕಟ್ಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಎತ್ತಿ ಆಡುತ್ತಿರಲಿಲ್ಲ ಅಷ್ಟೇ. ಊರು ಒಡೆದು ಒಬ್ಬೊಬ್ಬರು ಒಂದೊಂದು ಕಡೆ ಹೋದ ಮೇಲೆ ಕಾಲನಿಯಲ್ಲಿ ಪಕ್ಕದ ಮನೆಯವರೂ ಹೊಸಬರು. ನಾಯಕಿಯ ಎಳೆ ಮಗನಿಗೆ ಹೇಳುವವರೇ ಉಳಿಯಲಿಲ್ಲ. ಗುಟ್ಟನ್ನು ಹೂತಿದ್ದು ಗಂಡನಲ್ಲ, ಊರು ಬಿಟ್ಟದ್ದು. ಇದು ತಿಳಿದ ಮೇಲೆ ಕಾದಂಬರಿ ಸರಾಗವಾಗಿ ಹರಿಯಿತು.

ಆ ಊರನ್ನು ನೋಡಲು ಈಗ ಹೋಗುವ ಹಾಗಿಲ್ಲ. ಅದು ನೌಕಾನೆಲೆಯ ಬೇಲಿಯೊಳಗಿದೆ. ಹಿರಿಯರನ್ನು ಕೂರಿಸಿಕೊಂಡು ಅವರ ಕೈಯಲ್ಲೇ ನಕ್ಷೆ ಬಿಡಿಸಿದೆ. ದೇವಸ್ಥಾನ ಒಬ್ಬರ ನಕ್ಷೆಯಲ್ಲಿ ಹಳ್ಳದ ಈಚೆ, ಇನ್ನೊಬ್ಬರದರಲ್ಲಿ ಆಚೆ. ನಾನು ಸರಿಪಡಿಸಲಿಲ್ಲ. ಆ ಜಗಳವನ್ನೇ ಎರಡು ಪಾತ್ರಗಳ ಬಾಯಿಗೆ ಹಾಕಿದೆ.

ಪ್ರೀತಿಯ ಭಾಗಕ್ಕೆ ರಂಪಣಿ ಬಲೆ ನೆರವಿಗೆ ಬಂತು. ದೋಣಿಯವರು ಸಮುದ್ರದಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ದಡದಲ್ಲಿ ಎರಡು ಗುಂಪು ಎರಡು ತುದಿಯ ಹಗ್ಗ ಎಳೆಯುತ್ತದೆ. ಬಲೆ ಹತ್ತಿರವಾದಂತೆ ಗುಂಪುಗಳೂ ಒಂದರ ಕಡೆಗೊಂದು ಸರಿಯುತ್ತವೆ. ಹುಡುಗ ಹಗ್ಗ ಹಿಡಿದು ಸರಿಯುತ್ತಾ ಬರುತ್ತಾನೆ. ಬಂಗಡೆ, ತಾರ್ಲೆ ತುಂಬಲು ಬುಟ್ಟಿ ಹಿಡಿದ ಹುಡುಗಿ ಮಧ್ಯದಲ್ಲಿ ನಿಂತಿದ್ದಾಳೆ. ನಾನು ಬೇರೆ ಏನೂ ಕಟ್ಟಬೇಕಾಗಲಿಲ್ಲ. ಎಪ್ಪತ್ತರ ದಶಕದ ಕೊನೆಗೆ ಸಮುದ್ರದಲ್ಲೇ ಬಲೆ ಸುತ್ತಿ ಮೀನು ಹಿಡಿಯುವ ಪರ್ಸೀನ್ ಬೋಟುಗಳು ಬಂದು ರಂಪಣಿಯ ಕಾಲ ಮುಗಿಯುತ್ತಾ ಬಂತು. ಹಾಗಾಗಿ ಇಸವಿಯೂ ತಾನಾಗಿ ಕೂತಿತು.

ಮದುವೆಯ ಅಧ್ಯಾಯಗಳು ಜಾಸ್ತಿ ಹೊತ್ತು ತಿಂದವು. ನಾಯಕಿಗೆ ಮೊದಲ ವರ್ಷವೇ ನೆರೆಯವಳೊಬ್ಬಳು ಎಲ್ಲ ಹೇಳಿದ್ದಳು. ಅವಳಿಗೆ ಗೊತ್ತಿದೆ ಅನ್ನುವುದು ಗಂಡನಿಗೆ ಗೊತ್ತಿಲ್ಲ. ಅವನು ವರ್ಷಕ್ಕೊಮ್ಮೆ 'ಗೋವಾಕ್ಕೆ ಹೋಗಿ ಬರ್ತೇನೆ' ಅನ್ನುತ್ತಾನೆ. ಅವಳು ಹೊಸ ಫ್ರಾಕೊಂದನ್ನು ಅವನ ಚೀಲದಲ್ಲಿ ನೋಡಿ, ಮೇಲೆ ಟವೆಲ್ ಮಡಚಿಟ್ಟು ಕಳಿಸುತ್ತಾಳೆ. ಇಬ್ಬರ ನಡುವಿನ ಪ್ರೀತಿ ತೋರಿಸಲು ನನಗೆ ಇಷ್ಟು ಸಾಕಾಯಿತು.

ಗಂಡನ ಸಾವನ್ನು ಜೂನ್ ತಿಂಗಳಲ್ಲಿ ಇಟ್ಟೆ. ಮಳೆಯ ಅಂದಕ್ಕಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಗ ಟ್ರಾಲರಿನಲ್ಲಿ ದುಡಿಯುವವನು. ಬೇರೆ ತಿಂಗಳಾಗಿದ್ದರೆ ಹನ್ನೆರಡನೇ ದಿನ ಮುಗಿಸಿ ಸಮುದ್ರಕ್ಕೆ ಹೋಗಿಬಿಡುತ್ತಿದ್ದ. ಈಗ ತಾಯಿ ಮಗ ಒಂದೇ ಮನೆಯಲ್ಲಿ, ಹೊರಗೆ ಜಡಿ ಮಳೆ. ಅಳುವಿನ ಪುಟಗಳು ಕಡಿಮೆ ಇವೆ. ದುಃಖದ ಜೊತೆ ಕೆಲಸ ಬರುತ್ತದೆ ನೋಡಿ: 21 ದಿನದೊಳಗೆ ಮರಣ ನೋಂದಣಿ, ರೇಷನ್ ಕಾರ್ಡು, ಗ್ಯಾಸ್, ಪಾಸ್‌ಬುಕ್. ಅದನ್ನೇ ಬರೆದೆ.

ನಾಡಕಚೇರಿಯ ದೃಶ್ಯಕ್ಕಾಗಿ ಅಂಥ ಕಚೇರಿಗಳ ಬೆಂಚಿನ ಮೇಲೆ ಸುಮ್ನೆ ಕೂತು ಮಾತು ಕೇಳಿದ್ದೇನೆ. ಮಗ ಅರ್ಜಿಯಲ್ಲಿ ತನ್ನೊಬ್ಬನ ಹೆಸರು ಬರೆದು ತಂದಿರುತ್ತಾನೆ. ಗುಮಾಸ್ತ ಕೇಳುತ್ತಾನೆ:

"ಮಕ್ಕಳು ಎಷ್ಟು ಜನ ಅಮ್ಮಾ?"

"ಇಬ್ಬರು. ದೊಡ್ಡವಳು ಹೆಣ್ಣು. ಅವಳ ಹೆಸರು ಮೇಲೆ ಬರೀರಿ."

ಅಧ್ಯಾಯ ಅಲ್ಲಿಗೇ ಮುಗಿಸಿದೆ. ಮುಂದಿನದರಲ್ಲಿ ಮಗನ ಸಿಟ್ಟು. ಅದು ಮೊದಲು ಹಣದ ಸಿಟ್ಟೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯದೆ ಸತ್ತವನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಗ, ಮಗಳಿಗೆ ಸಮಪಾಲು. ಮಗಳು ಮೊದಲ ಹೆಂಡತಿಯವಳಾದರೂ ಅಷ್ಟೇ. ಅರ್ಧ ಅಂದುಕೊಂಡಿದ್ದವನಿಗೆ ಮೂರನೇ ಒಂದು ಬಂದರೆ ಯಾರು ಸುಮ್ಮನಿರುತ್ತಾರೆ? 'ಮಗನನ್ನು ಇಷ್ಟು ಸಣ್ಣವನನ್ನಾಗಿ ಮಾಡಬೇಕಿತ್ತಾ?' ಅಂತ ಹಸ್ತಪ್ರತಿ ಓದಿದ ಗೆಳತಿ ಕೇಳಿದಳು. ನನಗೆ ಅವನು ಸಣ್ಣವನಾಗಿ ಕಾಣಲಿಲ್ಲ. ಸಾಲ ಇರುವವನು ಅವನು.

ತಾಯಿ ಮಗಳ ಭೇಟಿ ಕಣ್ಣೀರಿನಲ್ಲಿ ನಡೆಯಲಿ ಅನ್ನುವುದೂ ಆ ಗೆಳತಿಯದೇ ಆಸೆ. ನಾನು ಅವರನ್ನು ನೋಟರಿಯ ಮೇಜಿನ ಮುಂದೆ ಭೇಟಿ ಮಾಡಿಸಿದೆ. ಮಾಜಾಳಿ ಬಸ್ಸು ಎಷ್ಟು ಗಂಟೆಗೆ ಅಂತ ಇಬ್ಬರೂ ಮಾತಾಡುತ್ತಿರುತ್ತಾರೆ. ಮಗ ನಡುವೆ ಬಂದು, "ಆಯಿ, ಇವರ ಆಧಾರ್ ಜೆರಾಕ್ಸ್ ಇನ್ನೊಂದು ಬೇಕಂತೆ" ಅನ್ನುತ್ತಾನೆ. ಅಂಗಡಿಗೆ ಅವನೇ ಹೋಗುತ್ತಾನೆ.