ಅಣಕು ಪರೀಕ್ಷೆಯ ಅಂಕ ಏರದಿದ್ದಾಗ

ಹಾಸನದಲ್ಲಿದ್ದುಕೊಂಡೇ ಕ್ಲಾಟ್‌ಗೆ (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಗೆ) ಓದುವ ಪಿಯು ವಿದ್ಯಾರ್ಥಿಗಳು ವಾರಕ್ಕೆ ನಾಲ್ಕು ಅಣಕು ಪರೀಕ್ಷೆ ಬರೆಯುವುದಕ್ಕಿಂತ ಒಂದನ್ನು ಬರೆದು, ಅದರ ತಪ್ಪುಗಳನ್ನು ಎರಡು ದಿನ ಪರಿಶೀಲಿಸುವುದು ಮೇಲು. ಪ್ರತಿ ತಪ್ಪಿನ ಮುಂದೆ ಅದರ ಕಾರಣವನ್ನು, ಎಂದರೆ ಗದ್ಯಭಾಗವನ್ನು ಸರಿಯಾಗಿ ಓದಲಿಲ್ಲವೇ, ನಿಯಮವನ್ನು ತಪ್ಪಾಗಿ ಅನ್ವಯಿಸಿದಿರೇ, ಅವಸರಪಟ್ಟಿರೇ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಾನೂನು ವಿಭಾಗದಲ್ಲಿ ಗದ್ಯಭಾಗ ಕೊಟ್ಟ ನಿಯಮವೇ ಅಂತಿಮ. ನಿಮ್ಮ ನ್ಯಾಯಪ್ರಜ್ಞೆಗೆ ಅಲ್ಲಿ ಕೆಲಸವಿಲ್ಲ.

120 ನಿಮಿಷಕ್ಕೆ 120 ಪ್ರಶ್ನೆಗಳಿದ್ದು, ಸರಿಯುತ್ತರಕ್ಕೆ 1 ಅಂಕ ಸಿಕ್ಕರೆ ತಪ್ಪುತ್ತರಕ್ಕೆ 0.25 ಅಂಕ ಕಳೆಯುತ್ತದೆ. ನಾಲ್ಕು ಆಯ್ಕೆಗಳಿರುವುದರಿಂದ ಕಣ್ಣುಮುಚ್ಚಿ ಊಹಿಸಿದರೂ ಸರಾಸರಿಯಲ್ಲಿ ನಷ್ಟವಾಗದು. ಒಂದೇ ಪ್ರಶ್ನೆಗೆ ಮೂರು ನಿಮಿಷ ಅಂಟಿಕೊಂಡು, ಸುಲಭದ ಇನ್ನೆರಡನ್ನು ಮುಟ್ಟದೆ ಬಿಡುವುದೇ ನಿಜವಾದ ನಷ್ಟ. ಗಣಿತದ ಪ್ರಶ್ನೆಗಳು 10ರಿಂದ 14 ಮಾತ್ರವಾದರೂ, ಹತ್ತನೇ ತರಗತಿಯ ಶೇಕಡಾವಾರು, ಅನುಪಾತಗಳನ್ನು ತಿದ್ದಿಕೊಂಡರೆ ಅಂಕ ಬೇಗ ಏರುತ್ತದೆ.

ಚನ್ನರಾಯಪಟ್ಟಣದಿಂದಲೋ ಅರಸೀಕೆರೆಯಿಂದಲೋ ಬಸ್ಸಿನಲ್ಲಿ ಬರುವವರು ಆ ಹೊತ್ತಿನಲ್ಲಿ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವೊಂದನ್ನು ಓದಿ, ಅದರ ವಾದವನ್ನು ಎರಡು ವಾಕ್ಯಗಳಲ್ಲಿ ಹೇಳಿಕೊಳ್ಳಲಿ. ಪರೀಕ್ಷೆ ನಡೆಯುವುದು ಮಧ್ಯಾಹ್ನ 2ರಿಂದ 4ರವರೆಗೆ. ಆದ್ದರಿಂದ ಅಣಕು ಪರೀಕ್ಷೆಯನ್ನೂ ಮುದ್ದೆಯೂಟದ ನಂತರದ ಆ ತೂಕಡಿಕೆಯ ಹೊತ್ತಿನಲ್ಲೇ ಬರೆಯಿರಿ.