ಒಂದು ಸಲಕ್ಕೆ ಒಂದೇ ಬದಲಾವಣೆ: ಅಂಗಾಲಿನ ಉರಿಗೆ ನಾನು ಗುಳಿಗೆ ಹೊಂದಿಸಿಕೊಂಡ ಬಗೆ

2018ರ ಡಿಸೆಂಬರ್ ತಿಂಗಳ ಚಳಿಯಲ್ಲಿ, ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ, ನನಗೆ ಮೈಮೇಲೆ ಕೌದಿ ಬೇಕಾಗಿತ್ತು, ಆದರೆ ಪಾದದ ಮೇಲೆ ಅದನ್ನು ತಾಳಿಕೊಳ್ಳಲು ಆಗುತ್ತಿರಲಿಲ್ಲ. ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ನನ್ನ ತಾಯಿ ಹೊಲಿದಿದ್ದ, ಒಗೆದು ಒಗೆದು ಹತ್ತಿಯಂತೆ ಮೆತ್ತಗಾಗಿದ್ದ ಆ ಕೌದಿಯ ಅಂಚು ಹೆಬ್ಬೆರಳಿಗೆ ತಾಗಿದರೆ ಒಲೆಯ ಮೇಲಿನ ಹಂಚು ತಾಗಿದಂತೆ ಆಗುತ್ತಿತ್ತು. ನನ್ನ ಪತ್ನಿ ಹಾಸಿಗೆಯ ಕೆಳತುದಿಯಲ್ಲಿ ಒಂದು ಗಿಡ್ಡ ಸ್ಟೂಲನ್ನು ಇಟ್ಟು, ಅದರ ಮೇಲಿನಿಂದ ಕೌದಿ ಹಾಯಿಸಿ, ಪಾದಗಳಿಗೆ ಗೂಡಿನಂತಹ ಜಾಗ ಮಾಡಿಕೊಟ್ಟರು. ಸುಮಾರು ಒಂದು ವರ್ಷ ನಾನು ಹಾಗೆಯೇ ಮಲಗಿದೆ.

ರಾತ್ರಿ ಇಷ್ಟು ಉರಿಯುವ ಪಾದಗಳಿಗೆ ಹಗಲಿನಲ್ಲಿ ಏನೂ ತಿಳಿಯುತ್ತಿರಲಿಲ್ಲ ಎಂಬುದು ನನಗೆ ಬಹಳ ದಿನ ಅರ್ಥವಾಗಲಿಲ್ಲ. ಒಂದು ಸಂಜೆ ಕಾಯಿಪಲ್ಲೆ ತಂದು ಚೀಲ ಕೆಳಗಿಟ್ಟಾಗ ಪತ್ನಿ ನನ್ನ ಕಾಲು ನೋಡಿ, “ಒಂದ ಕಾಲಾಗಿನ ಚಪ್ಪಲಿ ಎಲ್ಲಿ ಬಿಟ್ಟ ಬಂದ್ರಿ?” ಎಂದು ಕೇಳಿದರು. ಅರ್ಧ ಕಿಲೋಮೀಟರು ಬರಿಗಾಲಿನಲ್ಲಿ ನಡೆದು ಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ. ಮುಟ್ಟಿದರೆ ಉರಿ, ಕಳಚಿ ಹೋದರೆ ಅರಿವಿಲ್ಲ. ಇವೆರಡೂ ಒಂದೇ ನರಬೇನೆಯ ಲಕ್ಷಣಗಳೆಂದು ಆಮೇಲೆ ತಿಳಿಯಿತು.

ಅದಕ್ಕೂ ಮುಂಚೆ ನಾಲ್ಕು ತಿಂಗಳು ಹಾಳಾಗಿ ಹೋಗಿದ್ದವು. ವಯಸ್ಸಿನ ಕಾಲುನೋವೆಂದು ಭಾವಿಸಿ, ಔಷಧದ ಅಂಗಡಿಯಲ್ಲಿ ಬಾಯಿಮಾತಿನಲ್ಲಿ ಕೇಳಿ ಪಡೆದ ಡೈಕ್ಲೋಫೆನಾಕ್ ಗುಳಿಗೆಯನ್ನು ದಿನಕ್ಕೆ ಎರಡರಂತೆ ನುಂಗುತ್ತಿದ್ದೆ. ಅದರಿಂದ ಎಳ್ಳಷ್ಟೂ ಗುಣ ಕಾಣಲಿಲ್ಲ. ಆ ಬಗೆಯ ಗುಳಿಗೆಗಳು ಬಾವು, ಉರಿಯೂತಗಳಿಂದ ಬರುವ ನೋವನ್ನು ಇಳಿಸುತ್ತವೆ. ನನ್ನ ಕಾಲಿನಲ್ಲಿ ಬಾವೂ ಇರಲಿಲ್ಲ, ಗಾಯವೂ ಇರಲಿಲ್ಲ. ಕೆಟ್ಟುಹೋದ ನರಗಳು ಯಾವ ಕಾರಣವೂ ಇಲ್ಲದೆ ತಾವೇ ನೋವಿನ ಸಂದೇಶವನ್ನು ಮೆದುಳಿಗೆ ಕಳಿಸುತ್ತಿದ್ದವು. 2005ರಿಂದ ಸಕ್ಕರೆ ಕಾಯಿಲೆ ಇರುವ ನನ್ನಂಥವನ ಮೂತ್ರಪಿಂಡಕ್ಕೆ ಆ ಗುಳಿಗೆ ಒಳ್ಳೆಯದಲ್ಲ ಎಂಬ ಮಾತನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇದನ್ನು ಓದುತ್ತಿರುವವರು ಯಾರಾದರೂ ಅದೇ ದಾರಿಯಲ್ಲಿದ್ದರೆ ದಯವಿಟ್ಟು ಇಂದೇ ನಿಲ್ಲಿಸಿ ವೈದ್ಯರ ಬಳಿ ಹೋಗಿರಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಕೊನೆಗೆ ಸರಿಯಾಗಿ ಪರೀಕ್ಷೆ ಮಾಡಿದ ವೈದ್ಯರು ಮೊದಲು ನನ್ನ ಕಣ್ಣು ಮುಚ್ಚಿಸಿ, ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಅಂಗಾಲನ್ನು ಹತ್ತು ಕಡೆ ಒತ್ತಿದರು. ತಿಳಿದಾಗಲೆಲ್ಲ “ಹೂಂ” ಅನ್ನಬೇಕು. ಬಲಗಾಲಿನಲ್ಲಿ ನಾನು ನಾಲ್ಕು ಸಲ ಮಾತ್ರ ಹೂಂಗುಟ್ಟಿದೆ. ನಮ್ಮ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಇರುತ್ತಿದ್ದಂತಹ ಶ್ರುತಿಕವೆಯೊಂದನ್ನು ಮಿಡಿದು ಹೆಬ್ಬೆರಳಿನ ಎಲುಬಿನ ಮೇಲೆ ಇಟ್ಟರು. ಲೋಹದ ತಣ್ಣನೆ ಸ್ಪರ್ಶ ಅಸ್ಪಷ್ಟವಾಗಿ ತಿಳಿಯಿತೇ ಹೊರತು ಕಂಪನ ತಿಳಿಯಲಿಲ್ಲ. ಮೊಣಕೈ ಹಿಂದಿನ ನರವನ್ನು ಬೆರಳಿನಿಂದ ಹೊರಳಿಸಿ, ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆಗಳಿವೆಯೇ ಎಂದು ಹುಡುಕಿದರು. ಕುಷ್ಠರೋಗದಲ್ಲಿಯೂ ನರ ದಪ್ಪವಾಗಿ ಜೋಮು ಬರುವುದರಿಂದ ಅದನ್ನು ನೋಡದೆ ಮುಂದೆ ಹೋಗಬಾರದು ಎಂದರು. ರಕ್ತದ ವರದಿಯಲ್ಲಿ, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 9.4 ಇತ್ತು. ಬಿ12 ಜೀವಸತ್ವ ಮಿಲಿಲೀಟರಿಗೆ 148 ಪಿಕೋಗ್ರಾಂ ಮಾತ್ರ ಇತ್ತು. 200ಕ್ಕಿಂತ ಕೆಳಗೆ ಬಂದರೆ ಕೊರತೆಯೆಂದು ಹಿಡಿಯುತ್ತಾರೆ. ಹದಿಮೂರು ವರ್ಷ ಬಿಡದೆ ಸಕ್ಕರೆಯ ಗುಳಿಗೆಯಾದ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಇಳಿಯುವುದು ಗೊತ್ತಿರುವ ಸಂಗತಿ, ಅದರ ಮೇಲೆ ನಮ್ಮದು ಅಪ್ಪಟ ಸಸ್ಯಾಹಾರದ ಮನೆ. ಹೀಗೆ ಸಕ್ಕರೆ ಮತ್ತು ಬಿ12 ಎಂಬ ಎರಡು ಕಾರಣಗಳು ಒಂದೇ ಕಾಲಿನಲ್ಲಿ ಕೂಡಿಕೊಂಡಿದ್ದವು. ಬಿ12 ಚುಚ್ಚುಮದ್ದನ್ನು 1000 ಮೈಕ್ರೋಗ್ರಾಂನಂತೆ ಮೊದಲು ದಿನ ಬಿಟ್ಟು ದಿನ, ನಂತರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಕೊಟ್ಟರು. ಸಕ್ಕರೆಯನ್ನು ಮಾತ್ರ ಅವಸರದಿಂದ ಇಳಿಸಲಿಲ್ಲ. ಬಹಳ ದಿನ ಏರಿಯೇ ಇದ್ದ ಸಕ್ಕರೆಯನ್ನು ಒಮ್ಮೆಲೇ ಕೆಳಗೆ ತಂದರೆ ನರಗಳ ಉರಿ ಕೆಲವು ತಿಂಗಳು ಇನ್ನೂ ಹೆಚ್ಚಾಗಬಹುದು ಎಂಬುದನ್ನು ನಾನು ಅಂದೇ ಮೊದಲು ಕೇಳಿದೆ.

ನೋವಿನ ಗುಳಿಗೆಯ ವಿಷಯದಲ್ಲಿ ಆ ವೈದ್ಯರು ಮೊದಲ ದಿನವೇ ಹೇಳಿದ ಎರಡು ಮಾತುಗಳು ನನ್ನ ಚಿಕಿತ್ಸೆಯನ್ನು ಕಾಪಾಡಿದವು. ಈ ಗುಳಿಗೆ ನರವನ್ನು ಗುಣಪಡಿಸುವುದಿಲ್ಲ, ನರ ಮಾಡುವ ಗದ್ದಲವನ್ನು ತಗ್ಗಿಸುತ್ತದೆ ಎಂಬುದು ಒಂದು. ನೋವು ಪೂರ್ತಿ ಹೋಗಬೇಕೆಂದು ಹಟ ಹಿಡಿಯಬೇಡಿರಿ, ಅರ್ಧದಷ್ಟು ಇಳಿದು ನಿದ್ದೆ ಬಂದರೆ ಅದನ್ನು ಗೆಲುವೆಂದು ತಿಳಿಯಿರಿ ಎಂಬುದು ಇನ್ನೊಂದು. ನಾನು ಮೂವತ್ತೆರಡು ವರ್ಷ ಗಣಿತ ಕಲಿಸಿದವನು. ಅರ್ಧವೆಂದರೆ ಯಾವುದರ ಅರ್ಧ ಎಂಬ ಪ್ರಶ್ನೆ ನನಗೆ ಸಹಜವಾಗಿ ಬಂತು. ಮನೆಗೆ ಬಂದವನೇ ಒಂದು ಗ್ರಾಫ್ ಪುಸ್ತಕವನ್ನು ತೆಗೆದು, ಅಡ್ಡಗೆರೆಯಲ್ಲಿ ದಿನಾಂಕ, ಉದ್ದಗೆರೆಯಲ್ಲಿ ಸೊನ್ನೆಯಿಂದ ಹತ್ತರವರೆಗೆ ನೋವು ಎಂದು ಬರೆದುಕೊಂಡೆ. ಪ್ರತಿ ಚುಕ್ಕೆಯ ಕೆಳಗೆ ನಿದ್ದೆಯ ತಾಸುಗಳು, ನುಂಗಿದ ಗುಳಿಗೆ, ಮತ್ತು ಹೊಸದಾಗಿ ಕಂಡ ಯಾವುದೇ ತೊಂದರೆ. ಸಮೀಕರಣದಲ್ಲಿ ಎರಡು ಚರಾಕ್ಷರಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲವಾದ್ದರಿಂದ, ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಎರಡು ವಾರವಾದರೂ ನೋಡಿದ ಮೇಲೆ ಎಂದು ವೈದ್ಯರೂ ನಾನೂ ಒಪ್ಪಿಕೊಂಡೆವು. ಮೊದಲ ವಾರದ ನನ್ನ ಚುಕ್ಕೆಗಳೆಲ್ಲ ಎಂಟರ ಆಸುಪಾಸಿನಲ್ಲಿವೆ, ನಿದ್ದೆ ಮೂರು ತಾಸು.

ಮೊದಲ ಔಷಧ ಅಮಿಟ್ರಿಪ್ಟಿಲಿನ್, ರಾತ್ರಿ 10 ಮಿಲಿಗ್ರಾಂ. ಗುಳಿಗೆಯ ಪೆಟ್ಟಿಗೆಯ ಒಳಗಿನ ಕಾಗದವನ್ನು ಓದಿದ ನನ್ನ ಪತ್ನಿ, “ಮನಸ್ಸಿಗೆ ಬ್ಯಾಸರಾದವರಿಗೆ ಕೊಡೂದಂತ ಬರದಾರ್‍ರಿ, ನಿಮಗೇನಾಗೇತಿ?” ಎಂದು ಗಾಬರಿಯಾದರು. ಅದು ಖಿನ್ನತೆಯ ಔಷಧವಾಗಿ ಬಂದದ್ದು ನಿಜ. ಆದರೆ ಮೆದುಳಿನಿಂದ ಬೆನ್ನುಹುರಿಗೆ ಇಳಿದು ನೋವನ್ನು ತಡೆಹಿಡಿಯುವ ದಾರಿಗೆ ಬಲ ಕೊಡುವುದರಿಂದ, ಖಿನ್ನತೆಗೆ ಬೇಕಾಗುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿಯೇ ನರದ ಉರಿಗೆ ಕೆಲಸ ಮಾಡುತ್ತದೆ. ಇದನ್ನು ಮನೆಯವರಿಗೆ ಮೊದಲೇ ತಿಳಿಸಿ ಹೇಳುವುದು ಒಳ್ಳೆಯದು. ಮನೆಯವರ ಅಂಜಿಕೆಯಿಂದಲೇ ಈ ಗುಳಿಗೆಯನ್ನು ಬಿಟ್ಟವರನ್ನು ನಾನು ನೋಡಿದ್ದೇನೆ. ಮೂರನೆಯ ವಾರಕ್ಕೆ 25 ಮಿಲಿಗ್ರಾಂಗೆ ಏರಿಸಿದಾಗ ನಿದ್ದೆ ಐದು ತಾಸಿಗೆ ಬಂತು, ಚುಕ್ಕೆ ಆರಕ್ಕೆ ಇಳಿಯಿತು. ಆದರೆ ಬಾಯಿ ಎಷ್ಟು ಒಣಗಿತೆಂದರೆ ಸಜ್ಜೆಯ ಕಟಕ ರೊಟ್ಟಿ ಹಾಗಿರಲಿ, ಬಿಸಿ ಜೋಳದ ರೊಟ್ಟಿಯ ತುತ್ತನ್ನು ಸಹ ಮಜ್ಜಿಗೆಯಿಲ್ಲದೆ ನುಂಗಲು ಆಗುತ್ತಿರಲಿಲ್ಲ. ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಪ್ರಾಸ್ಟೇಟ್ ಗ್ರಂಥಿ ಸ್ವಲ್ಪ ದೊಡ್ಡದಿರುವ ನನಗೆ ಮೂತ್ರ ಕಟ್ಟತೊಡಗಿದ್ದು ಮಾತ್ರ ಸಹಿಸುವಂಥದ್ದಾಗಿರಲಿಲ್ಲ. ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿದ್ದರಿಂದ ಕಾರಣ ಹುಡುಕುವ ಅಗತ್ಯವೇ ಬೀಳಲಿಲ್ಲ. ಅದನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿದರು.

ನಂತರ ಬಂದದ್ದು ಪ್ರಿಗ್ಯಾಬಲಿನ್. ಅಪಸ್ಮಾರಕ್ಕೂ ಬಳಕೆಯಾಗುವ ಈ ಔಷಧ, ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಹೋಗುವ ದಾರಿಯನ್ನು ಬಿಗಿಮಾಡಿ, ನೋವಿನ ಸಂದೇಶ ಹೊತ್ತ ರಾಸಾಯನಿಕಗಳು ಹೊರಬೀಳುವುದನ್ನು ಕಡಿಮೆ ಮಾಡುತ್ತದೆ. ರಾತ್ರಿ 75 ಮಿಲಿಗ್ರಾಂನಿಂದ ಆರಂಭಿಸಿ, ಎರಡು ವಾರದ ನಂತರ ಬೆಳಿಗ್ಗೆ ಇನ್ನೊಂದು 75 ಸೇರಿಸಿದೆವು. ಉರಿ ಐದಕ್ಕೆ ಬಂತು. ಕೌದಿಯ ಕೆಳಗಿನ ಸ್ಟೂಲನ್ನು ತೆಗೆದ ರಾತ್ರಿಯನ್ನು ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡಿದ್ದೇನೆ. ಆದರೆ ಬೆಳಗಿನ ಗುಳಿಗೆಯಿಂದ ಹತ್ತು ಗಂಟೆಗೆ ತೂಕಡಿಕೆ ಬರುತ್ತಿತ್ತು, ಎದ್ದು ನಿಂತರೆ ತಲೆ ತಿರುಗುತ್ತಿತ್ತು. ಮೂರು ತಿಂಗಳಲ್ಲಿ ತೂಕ ನಾಲ್ಕು ಕಿಲೋ ಏರಿತು, ಸಂಜೆಯ ಹೊತ್ತಿಗೆ ಹಿಮ್ಮಡಿಯ ಮೇಲಿನ ಗಂಟಿನ ಬಳಿ ಬೆರಳಿಟ್ಟು ಒತ್ತಿದರೆ ಗುಳಿ ಬೀಳುವಷ್ಟು ಬಾವು ಬಂತು. ಸ್ಪರ್ಶವಿಲ್ಲದ ಕಾಲು ಬಾತು ಚಪ್ಪಲಿಯ ಪಟ್ಟಿಗೆ ಉಜ್ಜಿದರೆ ಗುಳ್ಳೆಯೆದ್ದದ್ದೂ ತಿಳಿಯುವುದಿಲ್ಲವಾದ್ದರಿಂದ ಈ ಬಾವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ.

2021ರಲ್ಲಿ ನಾನು ಮಾಡಿದ ತಪ್ಪನ್ನು ಬಿಚ್ಚಿ ಹೇಳಬೇಕು. ಬೆಳಗಾವಿಯಲ್ಲಿ ನನ್ನ ಅಕ್ಕನ ಮೊಮ್ಮಗಳ ಮದುವೆಯಿತ್ತು. ಚೀಲದಲ್ಲಿ ಸಕ್ಕರೆಯ ಗುಳಿಗೆ, ಬಿಪಿಯ ಗುಳಿಗೆ ಎಲ್ಲ ಇದ್ದವು, ಪ್ರಿಗ್ಯಾಬಲಿನ್ ಪಟ್ಟಿ ಮಾತ್ರ ಬಾಗಲಕೋಟೆಯ ಮನೆಯ ಕಪಾಟಿನಲ್ಲಿಯೇ ಉಳಿದಿತ್ತು. ಎರಡು ದಿನ ತಾನೇ, ನೋವನ್ನು ತಡೆದುಕೊಂಡರಾಯಿತು ಎಂದುಕೊಂಡೆ. ಎರಡನೆಯ ರಾತ್ರಿ ಮೈಯೆಲ್ಲ ಬೆವರಿ, ಎದೆ ಡವಡವ ಹೊಡೆದುಕೊಂಡು, ಕಾರಣವೇ ಇಲ್ಲದ ಭಯವೊಂದು ಹಿಡಿದು, ಒಂದು ನಿಮಿಷವೂ ಕಣ್ಣು ಮುಚ್ಚಲಿಲ್ಲ. ಉರಿಯಂತೂ ಒಂಬತ್ತಕ್ಕೆ ಏರಿತು. ಸಕ್ಕರೆ ಇಳಿದಿದೆಯೆಂದು ಭಾವಿಸಿ ಪರೀಕ್ಷಿಸಿದರೆ 160 ಇತ್ತು, ಇಳಿದಿರಲಿಲ್ಲ. ವೈದ್ಯರಿಗೆ ಫೋನ್ ಮಾಡಿದಾಗಲೇ, ದೇಹ ಒಗ್ಗಿಕೊಂಡ ಈ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಹೀಗಾಗುತ್ತದೆ, ಬಿಡಬೇಕಾದರೂ ಒಂದು ವಾರಕ್ಕೆ ಕಡಿಮೆಯಿಲ್ಲದಂತೆ ಹಂತಹಂತವಾಗಿ ಇಳಿಸಬೇಕು ಎಂದು ಗೊತ್ತಾಗಿದ್ದು. ಅವರು ಮೊಬೈಲಿಗೆ ಕಳಿಸಿದ ಚೀಟಿ ತೋರಿಸಿ ಅಲ್ಲಿಯೇ ಗುಳಿಗೆ ಪಡೆದೆ. ಅಂದಿನಿಂದ ಹತ್ತು ದಿನದ ಗುಳಿಗೆಗಳು ಚೀಟಿಯ ನಕಲಿನ ಜೊತೆಗೆ ನನ್ನ ಕನ್ನಡಕದ ಡಬ್ಬಿಯಲ್ಲಿಯೇ ಇರುತ್ತವೆ.

2022ರಲ್ಲಿ ಚಿಕಿತ್ಸೆ ಒಂದು ಹದಕ್ಕೆ ಬಂತು. ಆ ವರ್ಷ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನವನ್ನು ವೈದ್ಯರು ನನಗೆ ವಿವರಿಸಿದರು. ಸಕ್ಕರೆ ಕಾಯಿಲೆಯ ನರನೋವಿಗೆ ಅಮಿಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್, ಪ್ರಿಗ್ಯಾಬಲಿನ್ ಈ ಮೂರರಲ್ಲಿ ಯಾವುದರಿಂದ ಆರಂಭಿಸಿದರೂ ಗುಣ ಹೆಚ್ಚುಕಡಿಮೆ ಒಂದೇ, ಒಂದರಿಂದ ಸಾಕಷ್ಟು ಇಳಿಯದವರಿಗೆ ಎರಡನೆಯದನ್ನು ಜೊತೆಗೂಡಿಸಿದರೆ ಇನ್ನಷ್ಟು ಇಳಿಯುತ್ತದೆ ಎಂಬುದು ಅದರ ಸಾರ. ಒಂದೇ ಔಷಧವನ್ನು ಏರಿಸುತ್ತಾ ಹೋಗಿ ಬಾವು, ತೂಕಡಿಕೆಗಳನ್ನು ಹೊರುವುದಕ್ಕಿಂತ ಎರಡನ್ನು ಕಡಿಮೆ ಪ್ರಮಾಣದಲ್ಲಿ ಜೋಡಿಸುವುದು ನನಗೆ ಸರಿಯೆನಿಸಿತು. ಮೊದಲು ಬೆಳಗಿನ ಪ್ರಿಗ್ಯಾಬಲಿನ್ ನಿಲ್ಲಿಸಿದೆವು. ಎರಡು ವಾರ ಕಾದು ಡ್ಯುಲೊಕ್ಸೆಟಿನ್ 30 ಮಿಲಿಗ್ರಾಂ ಸೇರಿಸಿದೆವು, ಒಂದು ತಿಂಗಳ ನಂತರ ಅದನ್ನು 60ಕ್ಕೆ ಒಯ್ದೆವು. ಮೊದಲ ಹತ್ತು ದಿನ ಹೊಟ್ಟೆ ತೊಳಸುತ್ತಿತ್ತು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುವ ಬದಲು ಬೆಳಗಿನ ನಾಷ್ಟಾದ ನಂತರ ತೆಗೆದುಕೊಂಡಾಗ ಅದು ನಿಂತಿತು. ಬಾವು ಇಳಿಯಿತು, ಚುಕ್ಕೆಗಳು ಮೂರು ನಾಲ್ಕರ ನಡುವೆ ನೆಲೆನಿಂತವು, ನಿದ್ದೆ ಆರು ತಾಸು. ಈ ಪ್ರಮಾಣಗಳು ನನ್ನ ವಯಸ್ಸು, ನನ್ನ ಮೂತ್ರಪಿಂಡ, ನನ್ನ ಇತರ ಗುಳಿಗೆಗಳನ್ನು ನೋಡಿ ನಿಗದಿಯಾದವು. ಇನ್ನೊಬ್ಬರಿಗೆ ಇವು ಹೊಂದಬೇಕೆಂದಿಲ್ಲ. ಮೊಣಕಾಲು ನೋವಿಗೆಂದು ಬೇರೆಡೆ ತೋರಿಸಿಕೊಂಡಾಗ ಅಲ್ಲಿ ಟ್ರಮಡಾಲ್ ಎಂಬ ನೋವಿನ ಗುಳಿಗೆ ಬರೆದುಕೊಟ್ಟರು. ಪುಸ್ತಕ ತೋರಿಸಿದ್ದರಿಂದ ಔಷಧದ ಅಂಗಡಿಯವರೇ ತಡೆದು, ಡ್ಯುಲೊಕ್ಸೆಟಿನ್ ಜೊತೆಗೆ ಅದನ್ನು ನುಂಗುವುದು ಅಪಾಯ, ಮೊದಲು ನಿಮ್ಮ ವೈದ್ಯರನ್ನು ಕೇಳಿರಿ ಎಂದರು. ಅವರ ಉಪಕಾರವನ್ನು ನಾನು ಮರೆಯುವುದಿಲ್ಲ.

ಕೈಗಳ ಕತೆ ಬೇರೆ. ಬೆರಳುಗಳಲ್ಲಿ ಜೋಮು ಆರಂಭವಾದಾಗ ಕಾಲಿನ ಬೇನೆಯೇ ಮೇಲೇರಿತೆಂದು ನಾನು ಅಂಜಿದ್ದೆ. ಉದ್ದನೆಯ ನರಗಳು ಮೊದಲು ಕೆಡುವುದರಿಂದ ಉರಿ ಪಾದದಿಂದ ಮೊಣಕಾಲಿನತ್ತ ಬಂದ ಮೇಲೆ ಕೈಬೆರಳಿಗೆ ಬರುವುದು ಈ ಬೇನೆಯ ರೂಢಿ. ಆದರೆ ನನ್ನ ಪುಸ್ತಕದಲ್ಲಿ ಜೋಮು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಮಾತ್ರ ದಾಖಲಾಗಿತ್ತು, ಕಿರುಬೆರಳಿನಲ್ಲಿ ಒಂದು ದಿನವೂ ಇರಲಿಲ್ಲ. ಅದನ್ನು ನೋಡಿದ ವೈದ್ಯರು ನರದ ವೇಗ ಅಳೆಯುವ ಪರೀಕ್ಷೆ ಮಾಡಿಸಿದರು. ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ನರವೊಂದು ಒತ್ತಿಕೊಂಡಿತ್ತು. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ರಾತ್ರಿ ಮಣಿಕಟ್ಟು ಬಾಗದಂತೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರಿಂದ ಎರಡು ತಿಂಗಳಲ್ಲಿ ಮುಕ್ಕಾಲು ಪಾಲು ಇಳಿಯಿತು. ಕೈಗೆಂದು ಒಂದು ಗುಳಿಗೆಯೂ ಹೆಚ್ಚಾಗಲಿಲ್ಲ.

ಮೆಣಸಿನಕಾಯಿಯ ಸತ್ವವಾದ ಕ್ಯಾಪ್ಸೈಸಿನ್ ಮುಲಾಮನ್ನೂ ಆರು ವಾರ ಹಚ್ಚಿ ನೋಡಿದೆ. ಎಡಗಾಲಿಗೆ ಸ್ವಲ್ಪ ಗುಣ ಕಂಡಿತು. ದಿನಕ್ಕೆ ನಾಲ್ಕು ಸಲ ಹಚ್ಚಿ, ಪ್ರತಿ ಸಲವೂ ಕೈಯನ್ನು ಸಾಬೂನಿನಿಂದ ತೊಳೆಯುವುದು ನನ್ನಿಂದ ಮುಂದುವರಿಸಲು ಆಗಲಿಲ್ಲ.

ಉರಿ ಇಳಿದ ಮೇಲೆ ನಾನು ಹೆಚ್ಚು ಎಚ್ಚರವಾಗಿದ್ದೇನೆ. ಏಕೆಂದರೆ ಗುಳಿಗೆಯಿಂದ ನೋವು ಇಳಿದರೂ, ನರ ಇನ್ನಷ್ಟು ಸತ್ತು ನೋವು ತಾನಾಗಿ ಇಳಿದರೂ, ಗ್ರಾಫಿನಲ್ಲಿ ಚುಕ್ಕೆ ಒಂದೇ ರೀತಿ ಕೆಳಗೆ ಬರುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಆ ನೈಲಾನ್ ಎಳೆಯ ಪರೀಕ್ಷೆಯನ್ನು ತಪ್ಪಿಸುವುದಿಲ್ಲ, ಪ್ರತಿ ರಾತ್ರಿ ಕನ್ನಡಿ ನೆಲಕ್ಕಿಟ್ಟು ಅಂಗಾಲು ನೋಡಿಕೊಳ್ಳುತ್ತೇನೆ, ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ಪರೀಕ್ಷಿಸುತ್ತೇನೆ. ಯುಗಾದಿಗೆ ಮುಂಚೆ ನಮ್ಮ ಕಡೆಯ ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ನಾನು ಹನ್ನೊಂದು ವರ್ಷ ಬರಿಗಾಲಿನಲ್ಲಿ ಹೋದವನು. ಕಾದ ಡಾಂಬರಿನ ಮೇಲೆ ಅಂಗಾಲು ಸುಟ್ಟರೂ ತಿಳಿಯದ ಈ ಕಾಲಿನಿಂದ ಇನ್ನು ಆ ಹರಕೆ ಸಲ್ಲದೆಂದು ಒಪ್ಪಿಕೊಳ್ಳುವಾಗ ಕಣ್ಣು ತುಂಬಿ ಬಂತು. ಈಗ ದಾರಿಯಲ್ಲಿ ಯಾತ್ರಿಕರಿಗೆ ಪ್ರಸಾದ ಹಂಚುವ ಕಡೆ, ಮುಂಭಾಗ ಮುಚ್ಚಿದ ಮೆತ್ತನೆಯ ಬೂಟು ಹಾಕಿಕೊಂಡು, ಕುಳಿತು ಬಡಿಸುತ್ತೇನೆ.

ಹೋದ ತಿಂಗಳ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಸೋಸುವ ಅಳತೆ 56ಕ್ಕೆ ಬಂದಿದೆ. ಪ್ರಿಗ್ಯಾಬಲಿನ್ ಬಹುಪಾಲು ಮೂತ್ರದಲ್ಲಿಯೇ ಹೊರಹೋಗುವುದರಿಂದ, ಈ ಅಳತೆ 60ಕ್ಕಿಂತ ಇಳಿದರೆ ಗುಳಿಗೆ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ರಾತ್ರಿಯ 75ನ್ನು 50ಕ್ಕೆ ಇಳಿಸಿ ಇಂದಿಗೆ ಒಂಬತ್ತು ದಿನ. ಚುಕ್ಕೆಗಳು ನಾಲ್ಕರಲ್ಲಿವೆ, ನಿನ್ನೆ ಒಂದು ಐದು ಬಿದ್ದಿದೆ. ಎರಡು ವಾರ ತುಂಬುವವರೆಗೆ ಬೇರೆ ಏನನ್ನೂ ಬದಲಿಸುವುದಿಲ್ಲ.