ನನ್ನ ಕೈಗೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ

ಒಂದು ಗೆರೆ ಎಳೆಯುವ ಮೊದಲು ನಾನು ಕಂಪ್ಯೂಟರ್ ಪರದೆಯ ಮೇಲಿನ ಚಿತ್ರದ ಪುಟವನ್ನೇ ತಿರುಗಿಸುತ್ತೇನೆ. ಕೀಬೋರ್ಡಿನಲ್ಲಿ 4 ಒತ್ತಿದರೆ ಒಂದು ಕಡೆ, 6 ಒತ್ತಿದರೆ ಇನ್ನೊಂದು ಕಡೆ. ಒತ್ತುವುದು ಬಾಯಲ್ಲಿ ಕಚ್ಚಿ ಹಿಡಿದ ಕೋಲಿನಿಂದ. ಗೆರೆ ನನ್ನ ಎದೆಯ ಕಡೆಗೆ ಬರುವ ಹಾಗೆ ಪುಟ ನಿಂತ ಮೇಲೆ ಬಲಗೈಯನ್ನು ನನ್ನ ಕಡೆಗೆ ಎಳೆದುಕೊಳ್ಳುತ್ತೇನೆ. ಆಮೇಲೆ ಮತ್ತೆ ತಿರುಗಿಸಬೇಕು, ಮತ್ತೆ ಎಳೆಯಬೇಕು. ಒಂದು ಮದುವೆ ಚಿತ್ತಾರ ಮುಗಿಯುವಷ್ಟರಲ್ಲಿ ಹೀಗೆ ನೂರಾರು ಸಲ ಆಗುತ್ತದೆ.

2012ರಲ್ಲಿ ಅಡಿಕೆ ಗೊನೆ ಕೊಯ್ಲಿನ ಹೊತ್ತಿಗೆ ಮರದಿಂದ ಬಿದ್ದೆ. ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ವೈದ್ಯರ ಲೆಕ್ಕದಲ್ಲಿ ಸಿ5, ಅಂದರೆ ಕುತ್ತಿಗೆಯ ಐದನೇ ಮಟ್ಟ. ಭುಜ ಏಳುತ್ತದೆ, ಮೊಣಕೈ ಮಡಚುತ್ತದೆ. ಮಡಚಿದ ಕೈಯನ್ನು ಚಾಚಬೇಕಾದ ತೋಳಿನ ಹಿಂಭಾಗದ ಸ್ನಾಯು ಕೆಲಸ ಮಾಡುವುದಿಲ್ಲ. ಮಣಿಕಟ್ಟು, ಬೆರಳು ಅಲ್ಲಾಡುವುದಿಲ್ಲ. ಅಂಗೈಯಲ್ಲೂ ಎದೆಯಿಂದ ಕೆಳಗೂ ಸ್ಪರ್ಶ ಗೊತ್ತಾಗುವುದಿಲ್ಲ.

ನಮ್ಮದು ಸಾಗರದ ಕಡೆಯ ದೀವರ ಸಮುದಾಯದ ಮನೆ. ಹಸೆ ಚಿತ್ತಾರ ಹೆಂಗಸರ ಕೆಲಸ. ಮದುವೆ ಬಂತು ಅಂದರೆ ಅಮ್ಮ, ದೊಡ್ಡಮ್ಮ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಗೆರೆ ಎಳೆಯುತ್ತಿದ್ದರು. ಕುಂಚ ಅಂದರೆ ಪುಂಡಿ ನಾರು. ಅದರ ತುದಿ ಜಜ್ಜಿ ಕೊಡುವುದು ಚಿಕ್ಕವನಿದ್ದಾಗ ನನ್ನ ಪಾಲಿನ ಕೆಲಸ. ಹಾಗಾಗಿ ಗೆರೆ ಎಳೆಯುವುದನ್ನು ನಾನು ತೀರಾ ಹತ್ತಿರದಿಂದ ನೋಡಿದ್ದೆ, ಎಳೆದಿರಲಿಲ್ಲ.

ಬಿದ್ದ ನಾಲ್ಕು ವರ್ಷದ ಮೇಲೆ ತಮ್ಮ ಹಳೆಯ ಲ್ಯಾಪ್‌ಟಾಪ್ ತಂದಿಟ್ಟ. ಅದರಲ್ಲಿ ಇವಿಯಾಕ್ಯಾಮ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಟ್ಟ. ಲ್ಯಾಪ್‌ಟಾಪಿನ ಕ್ಯಾಮೆರಾ ಮುಖವನ್ನು ನೋಡುತ್ತದೆ. ತಲೆ ಅಲ್ಲಾಡಿದ ಹಾಗೆ ಪರದೆಯ ಮೇಲಿನ ಬಾಣವೂ ಓಡುತ್ತದೆ. ಒಂದೇ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಅದೇ ಕ್ಲಿಕ್. ಬಾಯಲ್ಲಿ ಕುಂಚ ಹಿಡಿಯಬಹುದಿತ್ತಲ್ವಾ ಎಂದು ಹಲವರು ಕೇಳಿದ್ದಾರೆ. ಹಾಗೆ ಬಿಡಿಸುವ ದೊಡ್ಡ ಕಲಾವಿದರಿದ್ದಾರೆ. ಜರ್ಮನಿಯ ಎರಿಕ್ ಸ್ಟೆಗ್ಮನ್ ಎಂಬ ಕಲಾವಿದರು ಬಾಯಿ ಮತ್ತು ಕಾಲಿನಿಂದ ಚಿತ್ರ ಬಿಡಿಸುವವರನ್ನು ಸೇರಿಸಿ 1950ರ ದಶಕದಲ್ಲೇ ಸಂಘ ಕಟ್ಟಿದರು. ನನ್ನ ಕುತ್ತಿಗೆಗೆ ಅದು ಒಗ್ಗಲಿಲ್ಲ. ಕೋಲು ಹಿಡಿದು ನಾಲ್ಕು ಕೀ ಒತ್ತುವುದು ಬೇರೆ, ಗಂಟೆಗಟ್ಟಲೆ ಕುಂಚ ಹಿಡಿದು ತಲೆ ತೂಗುವುದು ಬೇರೆ.

ತಲೆಯಿಂದ ಹೂವು, ಬಳ್ಳಿ, ಮುಖ ಎಲ್ಲ ಬಿಡಿಸಲು ಹೋದೆ. ಒಂದೂ ಸರಿ ಬರಲಿಲ್ಲ. ಬಾಗಿದ ಗೆರೆಗೆ ತಲೆ ಒಂದೇ ಸಮನೆ ಸಾಗಬೇಕು, ನನ್ನದು ಮಧ್ಯದಲ್ಲಿ ನಿಲ್ಲುತ್ತಿತ್ತು. ಒಂದು ಸಂಜೆ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ನೇರ ಗೆರೆಯ ಸಾಧನ ಕಣ್ಣಿಗೆ ಬಿತ್ತು. ಗೆರೆ ಶುರುವಾಗುವ ಜಾಗ ತೋರಿಸಬೇಕು, ಮುಗಿಯುವ ಜಾಗ ತೋರಿಸಬೇಕು, ಅಷ್ಟೇ. ಎರಡು ಚುಕ್ಕಿ ಇಟ್ಟರೆ ಗೆರೆ ತಾನೇ ಬರುತ್ತದೆ. ಆಗ ಅಮ್ಮನ ಗೋಡೆ ನೆನಪಾಯಿತು. ಚಿತ್ತಾರದ ಏಣಿ, ದಂಡಿಗೆ ಅಂದರೆ ಪಲ್ಲಕ್ಕಿ, ಮದುಮಕ್ಕಳು ಎಲ್ಲವೂ ಹೆಚ್ಚಾಗಿ ನೇರ ಗೆರೆ, ತ್ರಿಕೋನ. ನನ್ನ ದೇಹಕ್ಕೆ ಏನು ಆಗುತ್ತದೋ ಅದನ್ನೇ ಬೇಡುವ ಚಿತ್ರ ನಮ್ಮ ಜಗಲಿಯ ಗೋಡೆಯ ಮೇಲೇ ಇತ್ತು. ಆ ರಾತ್ರಿ ಹನ್ನೆರಡು ಗೆರೆ ಎಳೆದೆ. ಖುಷಿಗೆ ನಿದ್ದೆ ಬರಲಿಲ್ಲ.

ಆದರೆ ಆ ಗೆರೆಗಳು ತೀರಾ ನೆಟ್ಟಗಿದ್ದವು. ಅಮ್ಮ ನೋಡಿ, "ಚೆಂದ ಇದೆ ಮಗ, ಆದ್ರೆ ಇದು ನಾರಿನ ಗೆರೆ ಅಲ್ಲ" ಅಂದರು. ನಾರಿನ ಗೆರೆಯಲ್ಲಿ ಉಸಿರು ಕಾಣುತ್ತದೆ. ಬಿಳಿ ಒಂದು ಕಡೆ ದಪ್ಪ ಇರುತ್ತದೆ, ಮುಗಿಯುವಲ್ಲಿ ತೆಳ್ಳಗಾಗುತ್ತದೆ. ಅದು ಬೇಕಾದರೆ ಕೈಯೇ ಬೇಕು ಎಂದು ಅನ್ನಿಸಿತು.

ಕೈಗೆ ದಾರಿ ಮಾಡಿಕೊಳ್ಳಲು ಸುಮಾರು ಒಂದು ವರ್ಷ ಹಿಡಿಯಿತು. ಪೆನ್ನಿನಿಂದ ಎಳೆದದ್ದು ಪರದೆಯ ಮೇಲೆ ಮೂಡುವ ಚಿಕ್ಕ ಗ್ರಾಫಿಕ್ ಟ್ಯಾಬ್ಲೆಟ್ ತರಿಸಿದೆ. ಪೆನ್ನು ಹಿಡಿಯಲು ಬೆರಳಿಲ್ಲ. ಊರಿನ ಟೈಲರ್ ಅಗಲ ಎಲಾಸ್ಟಿಕ್ ಪಟ್ಟಿಗೆ ಒಂದು ಕಿಸೆ ಹೊಲಿದುಕೊಟ್ಟರು. ಪಟ್ಟಿ ಅಂಗೈ ಸುತ್ತ, ಪೆನ್ನು ಕಿಸೆಯಲ್ಲಿ. ಪಟ್ಟಿ ಬಿಗಿಯಾದರೆ ನನಗೆ ಗೊತ್ತಾಗುವುದಿಲ್ಲ, ಹಾಗಾಗಿ ಬಿಚ್ಚಿದಾಗಲೆಲ್ಲ ಚರ್ಮ ಕೆಂಪಾಗಿದೆಯಾ ಎಂದು ಅಮ್ಮ ನೋಡುತ್ತಾರೆ. ಮೇಜನ್ನು ಆಚೆ ಬದಿಗೆ ಸ್ವಲ್ಪ ಇಳಿಜಾರು ಮಾಡಿದೆವು. ಭುಜ ಮುಂದಕ್ಕೆ ಹಾಕಿದರೆ ಕೈ ತನ್ನ ಭಾರಕ್ಕೇ ಜಾರಿ ಚಾಚಿಕೊಳ್ಳುತ್ತದೆ. ಎಳೆದುಕೊಳ್ಳಲು ನನ್ನ ಶಕ್ತಿ ಸಾಕು. ಮುಂಗೈ ಮೇಜಿಗೆ ಅಂಟದಂತೆ ಅಮ್ಮನ ಹಳೆಯ ರೇಷ್ಮೆ ರವಿಕೆಯ ತೋಳನ್ನು ಕತ್ತರಿಸಿ ತೊಡಿಸಿಕೊಂಡಿದ್ದೇನೆ. ಬೇಸಿಗೆಯಲ್ಲಿ ಅದಿಲ್ಲದೆ ಕೆಲಸ ಸಾಗುವುದೇ ಇಲ್ಲ.

ನಾನು ಬಳಸುವುದು ಕ್ರಿತಾ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ನನ್ನ ಕೈ ಓಡುವುದು ನಾಲ್ಕೈದು ಇಂಚು ಮಾತ್ರ. ಅಷ್ಟೇ ಜಾಗ ಇಡೀ ಪರದೆಗೆ ಸಮ ಆಗುವಂತೆ ಟ್ಯಾಬ್ಲೆಟ್ಟಿನ ಸೆಟ್ಟಿಂಗ್ ಬದಲಾಯಿಸಿದೆ. ಇದರಿಂದ ಕೈ ನಡುಕವೂ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಮದ್ದು ಸ್ಟೆಬಿಲೈಸರ್. ಗೆರೆ ಪೆನ್ನಿನ ಹಿಂದೆ ಸ್ವಲ್ಪ ತಡವಾಗಿ ಬರುತ್ತದೆ, ನಡುಕ ಸೋಸಿಹೋಗುತ್ತದೆ. ಪೂರ್ತಿ ಸೋಸಲು ಬಿಡಬೇಡಿ, ಮತ್ತೆ ಅದೇ ನೆಟ್ಟಗಿನ ಗೆರೆ ಬರುತ್ತದೆ. ಪೆನ್ನಿನ ಒತ್ತಡಕ್ಕೆ ಗೆರೆ ದಪ್ಪವಾಗುವ ಆಯ್ಕೆಯನ್ನು ಆಫ್ ಮಾಡಿಬಿಟ್ಟೆ, ಎಷ್ಟು ಒತ್ತುತ್ತಿದ್ದೇನೆ ಅನ್ನುವುದು ನನಗೆ ತಿಳಿಯುವುದೇ ಇಲ್ಲವಲ್ಲ. ಅದರ ಬದಲು ಕೈಯ ವೇಗಕ್ಕೆ ದಪ್ಪ ಬದಲಾಗುವ ಹಾಗೆ ಇಟ್ಟೆ. ಜೋರಾಗಿ ಎಳೆದರೆ ತೆಳು. ನಾರಿನ ಗೆರೆಗೆ ನಾನು ಅತಿ ಹತ್ತಿರ ಹೋದದ್ದು ಹೀಗೆ. ತಪ್ಪಿದ ಗೆರೆಯನ್ನು ಹಿಂದೆಗೆಯಲು ಬೇಕಾದ ಕಂಟ್ರೋಲ್ ಮತ್ತು ಝಡ್ ಒಟ್ಟಿಗೆ ಒತ್ತಲು ಒಂದೇ ಕೋಲಿನಿಂದ ಆಗುವುದಿಲ್ಲ. ವಿಂಡೋಸಿನ ಸ್ಟಿಕಿ ಕೀಸ್ ಹಾಕಿದರೆ ಒಂದಾದ ಮೇಲೆ ಒಂದು ಒತ್ತಬಹುದು.

ಇಷ್ಟೆಲ್ಲ ಇದ್ದರೂ ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಕೂರುವುದಿಲ್ಲ. ಒಮ್ಮೆ ಆಮಂತ್ರಣ ಪತ್ರಿಕೆಯ ಕೆಲಸ ಮುಗಿಸಬೇಕೆಂದು ನಾಲ್ಕು ಗಂಟೆ ಒಂದೇ ಸಮ ಕೂತೆ. ನೋವು ಗೊತ್ತಾಗಲಿಲ್ಲ. ರಾತ್ರಿ ಬಟ್ಟೆ ಬದಲಾಯಿಸುವಾಗ ಅಮ್ಮ ಸುಮ್ಮನಾದರು. ಒತ್ತಡದ ಹುಣ್ಣು ಆಗಲೇ ಶುರುವಾಗಿತ್ತು. ಅದು ಮಾಯಲು ಮೂರು ತಿಂಗಳು ಬೇಕಾಯಿತು. ಅಷ್ಟೂ ದಿನ ಕೂರುವ ಹಾಗಿರಲಿಲ್ಲ, ಚಿತ್ರವೂ ಇಲ್ಲ. ಈಗ ಇಪ್ಪತ್ತು ನಿಮಿಷಕ್ಕೊಮ್ಮೆ ಫೋನ್ ಕೂಗುತ್ತದೆ. ಗೆರೆ ಅರ್ಧದಲ್ಲಿದ್ದರೂ ಬಿಡುತ್ತೇನೆ. ಯಾರಾದರೂ ಗಾಲಿಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಭಾರ ಇಳಿಸುತ್ತಾರೆ. ಇದ್ದಕ್ಕಿದ್ದಂತೆ ತಲೆ ಸಿಡಿದು ಮುಖ ಬೆವರಿದರೂ ಕೆಲಸ ನಿಲ್ಲಿಸಲೇಬೇಕು. ಮೂತ್ರದ ನಳಿಕೆ ಮಡಚಿಕೊಂಡಿದ್ದರೂ ಹಾಗಾಗುತ್ತದೆ. ಬಿಪಿ ಒಮ್ಮೆಲೇ ಏರಿ ಜೀವಕ್ಕೇ ಅಪಾಯ. ನನ್ನಂಥ ಪೆಟ್ಟು ಬಿದ್ದವರು ಬಿಡಿಸಲು ಕೂತಾಗ ಪಕ್ಕದವರಿಗೆ ಇದು ಗೊತ್ತಿರಲೇಬೇಕು.

ಮುದ್ರಣಕ್ಕೆ ಎ4 ಅಳತೆ ಅಂದರೆ 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕಕ್ಕೆ, 2480 ಅಡ್ಡ, 3508 ಉದ್ದದ ಪಿಕ್ಸೆಲ್ ಇಟ್ಟು ಶುರು ಮಾಡುತ್ತೇನೆ. ಮೊದಲ ಆಮಂತ್ರಣ ಪತ್ರಿಕೆಯಲ್ಲಿ ಕೆಮ್ಮಣ್ಣಿನ ಬಣ್ಣ ಕಾಫಿ ಪುಡಿಯ ಹಾಗೆ ಬಂದಿತ್ತು. ಈಗ ಮೊದಲು ಒಂದೇ ಹಾಳೆ ಅಚ್ಚು ಹಾಕಿಸಿ, ಜಗಲಿಯ ಗೋಡೆಗೆ ಹಿಡಿದು ನೋಡಿ, ಆಮೇಲೆ ಉಳಿದದ್ದು.

ಅಮ್ಮನಿಗೆ ಈಗ ಕಣ್ಣು ಮಂಜು. ಭೂಮಿ ಹುಣ್ಣಿಮೆಯಂದು ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಚಿತ್ತಾರ ಬರೆಯುವ ಮೊದಲು ನನ್ನ ಪಕ್ಕ ಬಂದು ಕೂರುತ್ತಾರೆ. ಹಳೆಯ ಬುಟ್ಟಿಯ ವಿನ್ಯಾಸಗಳನ್ನು ನೆನಪಿನಿಂದ ಹೇಳುತ್ತಾರೆ, ನಾನು ಬಿಡಿಸಿಟ್ಟು ದೊಡ್ಡದು ಮಾಡಿ ತೋರಿಸುತ್ತೇನೆ. ಕಳೆದ ಸಲ ಪರದೆಗೆ ಬೆರಳು ಹತ್ತಿರ ತಂದು, "ಇಲ್ಲಿ ಒಂದೆಳೆ ಬಿಟ್ಟೆಯಲ್ಲ, ಆ ಮೂಲೆಯಿಂದ ಬರ್ಬೇಕು" ಅಂದರು. ಆ ಮೂಲೆ ನನ್ನ ಕೈಗೆ ಉಲ್ಟಾ ಇತ್ತು. ಕೋಲು ಕಚ್ಚಿಕೊಂಡು 6 ಒತ್ತಿದೆ. ಇನ್ನೆರಡು ಸಲ ಒತ್ತಿದೆ. ಅಮ್ಮನೂ ಪುಟದ ಜೊತೆಗೆ ತಲೆ ವಾಲಿಸಿದರು.